ಮನೆ ಬಿಡಿ ಎಂದು ಹೇಳಿಕೊಟ್ಟವರಿಗೆ

ದಂಪತಿಗಳ ಕಾನೂನು ಮಾರ್ಗದರ್ಶನ ಕೇಂದ್ರದ ಮಾನ್ಯ ಮುಖ್ಯಸ್ಥರೇ,

ಕೆಲವು ದಿನ ಮನೆ ಬಿಟ್ಟಿರಿ ಎಂದು ನನಗೆ ಹೇಳಿದವರು ನೀವು. ‘ತಾಯಿ ತಾನಾಗಿಯೇ ಮನೆ ಬಿಟ್ಟು ಹೋಗಿದ್ದಾರೆ, ಮಗು ತಂದೆಯ ಬಳಿ ಹೊಂದಿಕೊಂಡಿದೆ’ ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟವರೂ ನೀವೇ. ಮುಂದಿನ ವಿಚಾರಣೆಯಲ್ಲಿ ನನ್ನ ಏಳು ವರ್ಷದ ಮಗಳು ಯಾರ ಬಳಿ ಇರಬೇಕೆಂಬುದು ತೀರ್ಮಾನವಾಗಲಿದೆ. ನಿಮ್ಮ ಬಾಗಿಲಿಗೆ ಬಂದು ಮೆಲ್ಲಗೆ ಕೇಳಿದ್ದಾಯಿತು. ಇನ್ನು ನಾಲ್ಕು ಜನ ಓದುವಂತೆ ಕೇಳುತ್ತೇನೆ.

ನನ್ನ ಗಂಡ ಮತ್ತು ನಾನು ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯವರು. ಅವರು ಗಾಜು ಕತ್ತರಿಸುತ್ತಾರೆ, ನಾನು ಚೌಕಟ್ಟು ಜೋಡಿಸುತ್ತೇನೆ. ಮದುವೆ ಮುರಿದಿತ್ತು, ಅಂಗಡಿ ಮುರಿದಿರಲಿಲ್ಲ. ಆದ್ದರಿಂದ ಬೇರೆಯಾಗುವ ದಾರಿ ಕೇಳಲು ಇಬ್ಬರೂ ಒಂದೇ ಸ್ಕೂಟರಿನಲ್ಲಿ ನಿಮ್ಮಲ್ಲಿಗೆ ಬಂದೆವು. ನಿಮ್ಮ ಕಾವಲುಗಾರ ನಮ್ಮನ್ನು ನೋಡಿ, “ಮದುವೆ ನೋಂದಣಿಗಾ? ಅದು ಪಕ್ಕದ ಬಾಗಿಲು” ಎಂದ. ನಾವಿಬ್ಬರೂ ನಕ್ಕೆವು. ನಾವು ಜೊತೆಯಾಗಿ ನಕ್ಕದ್ದು ಅದೇ ಕೊನೆ.

ನಿಮ್ಮ ಕುರ್ಚಿಯ ಹಿಂದೆ ‘ಇಲ್ಲಿ ಯಾರೂ ಸೋಲುವುದಿಲ್ಲ’ ಎಂಬ ಫಲಕವಿತ್ತು. ಅದರ ಕಟ್ಟು ನಮ್ಮ ಅಂಗಡಿಯದೇ. ಸ್ವಲ್ಪ ವಾಲಿತ್ತು, ನಾನೇ ಎದ್ದು ನೇರ ಮಾಡಿದೆ. ನೀವು ಮೆಚ್ಚಿ, “ನಿಮ್ಮಂಥ ದಂಪತಿ ಅಪರೂಪ” ಎಂದಿರಿ. ನಮಗೆ ಬೇರೆ ಬೇರೆ ವಕೀಲರು ಬೇಕಾಗುತ್ತದೆಯೇ ಎಂದು ಕೇಳಿದೆ.

“ಯಾಕಮ್ಮಾ ಸುಮ್ಮನೆ? ವಕೀಲರು ಬಂದ್ರೆ ನಿಮ್ಮಿಬ್ಬರನ್ನ ಹಾವು ಮುಂಗುಸಿ ಮಾಡಿಬಿಡ್ತಾರೆ. ಇಬ್ಬರಿಗೂ ನಾನಿದ್ದೀನಲ್ಲ. ಮಗು ಮುಂದೆ ಜಗಳ ಬೇಡ, ಒಬ್ಬರು ಸ್ವಲ್ಪ ದಿನ ಹೊರಗಿರಿ. ಇದ್ರಿಂದ ನಿಮ್ಮ ಹಕ್ಕಿಗೆ ಏನೂ ಆಗಲ್ಲ.”

ನನ್ನ ಗಂಡನಿಗೆ ಈ ಊರಿನಲ್ಲಿ ನೆಂಟರಿಲ್ಲ, ನನ್ನ ಅಕ್ಕನ ಮನೆ ಹಿಂದಿನ ಬೀದಿಯಲ್ಲೇ ಇದೆ. ಮಗಳ ಶಾಲೆ ನಮ್ಮ ಮನೆಗೆ ಅಂಟಿಕೊಂಡಂತಿದೆ. ಹಾಗಾಗಿ ಹೊರಟವಳು ನಾನು. ಹಠಾತ್ತನೆ ಬಂದು ಹೋಗುವುದು ಬೇಡ ಎಂದಿರಿ, ಮನೆಯ ಕೀಲಿಯನ್ನೂ ಅವರ ಕೈಗೆ ಕೊಟ್ಟೆ.

ಇಷ್ಟು ಸುಲಭವಾಗಿ ಯಾಕೆ ನಂಬಿದೆ ಎಂದು ಜನ ಕೇಳುತ್ತಾರೆ. ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಚೌಕಟ್ಟಿನ ಮೂಲೆಗಳಿಗೆ ಅಂಟು ಹಚ್ಚಿ ಬಿಗಿದ ಮೇಲೆ ಒಣಗುವ ತನಕ ಅದನ್ನು ಮುಟ್ಟಬಾರದು, ಮುಟ್ಟಿದರೆ ಸೊಟ್ಟಗಾಗುತ್ತದೆ. ನಿಮ್ಮ ಮಾತು ನನಗೆ ಹಾಗೆಯೇ ಕೇಳಿಸಿತು. ಕೈ ತೆಗೆದು ಕಾದೆ. ಅಕ್ಕ ಮಾತ್ರ ಬಾಗಿಲಲ್ಲೇ ಬೈದಳು: “ಮಗೂನ ಬಿಟ್ಟು ಬಂದ್ಯಾ ಹುಚ್ಚಿ? ನಾಳೆ ನೀನೇ ಬಿಟ್ಟೋದೆ ಅಂತಾರೆ ನೋಡು.” “ಕಾನೂನು ಓದಿದೋರು ಹೇಳಿದ್ದಾರೆ, ಸುಮ್ನಿರೇ” ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಶಾಲೆಗೆ ರಜೆ ಬಂದಾಗ ವಾಪಸು ಹೋಗಲೇ ಎಂದು ನಿಮಗೆ ಫೋನ್ ಮಾಡಿದೆ. ಇನ್ನೂ ಸ್ವಲ್ಪ ತಡೆಯಿರಿ ಎಂದಿರಿ. ತಡೆದೆ. ನಮ್ಮ ಅರ್ಜಿ ನ್ಯಾಯಾಲಯಕ್ಕೆ ಹೋಯಿತು, ಅದರ ಹಿಂದೆಯೇ ನಿಮ್ಮ ವರದಿ ಬಂತು.

ನನ್ನ ಗಂಡ ಕೆಟ್ಟವರಲ್ಲ. ಅಂಗಡಿಯಲ್ಲಿ ಅವರನ್ನೇ ಕೇಳಿದೆ: “ಮನೆ ಬಿಡಿ ಅಂತ ಕೇಂದ್ರದವರು ಹೇಳಿದ್ದನ್ನ ನೀವೂ ಕೇಳಿಸ್ಕೊಂಡ್ರಲ್ಲ, ಕೋರ್ಟಲ್ಲಿ ಯಾಕೆ ಹೇಳ್ಲಿಲ್ಲ?”

ಗಾಜಿನಿಂದ ತಲೆ ಎತ್ತದೆ ಹೇಳಿದರು: “ಹೇಳ್ಲಾ ಅಂತ ಅವರನ್ನೇ ಕೇಳಿದ್ದೆ ಕಣೆ. ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೋತೀರಾ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಅಂದ್ರು. ಯಾರೂ ಕೇಳ್ಲಿಲ್ಲ.”

ಮಾನ್ಯರೇ, ಆ ಮನುಷ್ಯ ನನ್ನ ಮೇಲೆ ರೇಗಿದ್ದಾರೆ, ವಾರಗಟ್ಟಲೆ ಮಾತು ಬಿಟ್ಟಿದ್ದಾರೆ, ಆದರೆ ಅಲ್ಲಿಯವರೆಗೆ ನನ್ನ ಕಣ್ಣು ತಪ್ಪಿಸಿದವರಲ್ಲ. ಕಣ್ಣು ತಪ್ಪಿಸುವುದನ್ನು ಅವರಿಗೆ ಕಲಿಸಿದ್ದು ನೀವು. ಇಬ್ಬರಿಗೂ ಇದ್ದೇನೆ ಎಂದಿರಿ, ನಿಜವಾಗಿಯೂ ಇದ್ದಿರಿ: ಒಬ್ಬಳಿಗೆ ಮನೆ ಬಿಡಲು ಹೇಳಿಕೊಟ್ಟಿರಿ, ಇನ್ನೊಬ್ಬರಿಗೆ ಬಾಯಿ ಬಿಡದಿರಲು. ಪಕ್ಷಪಾತವಿಲ್ಲದ ಸೇವೆ ಎಂದರೆ ಇದೇ ಏನು? ಬೀದಿಯಲ್ಲಿ ಕೂಗಾಡಿ, ಬಟ್ಟೆಬರೆ ಎಸೆದು ಬೇರೆಯಾದವರಿಗೆ ಒಬ್ಬೊಬ್ಬ ವಕೀಲನಾದರೂ ಸಿಗುತ್ತಾನೆ. ಮರ್ಯಾದೆಯಿಂದ ಬೇರೆಯಾಗಲು ಬಂದ ನಮಗೆ ನೀವು ಸಿಕ್ಕಿರಿ.

ಕೊನೆಯ ಸಲ ನಿಮ್ಮ ಮುಂದೆ ನಿಂತಾಗ, “ಇದ್ದ ಪರಿಸ್ಥಿತಿ ಬರೆದಿದ್ದೀನಿ, ಅದ್ರಲ್ಲಿ ಸುಳ್ಳೇನಿದೆ ಹೇಳಿ” ಎಂದಿರಿ. ಸುಳ್ಳಿಲ್ಲ. ಆ ಪರಿಸ್ಥಿತಿಯನ್ನು ತಂದವರು ಯಾರು ಎಂಬ ಒಂದು ಸಾಲು ಇಲ್ಲ, ಅಷ್ಟೇ. ಮಗು ಹೊಂದಿಕೊಂಡಿರುವುದೂ ನಿಜ. ಹೊಂದಿಕೊಳ್ಳದೆ ಅದೇನು ಮಾಡೀತು?

ಈಗ ಭಾನುವಾರ ಮಾತ್ರ ಮಗಳನ್ನು ನೋಡಲು ಹೋಗುತ್ತೇನೆ. ಅವಳನ್ನು ನಾವು ಕರೆಯುವುದು ಚಿನಕುರುಳಿ ಎಂದು, ಬಾಯಿಗೆ ಬೀಗವಿಲ್ಲ. ಕಳೆದ ವಾರ ಬಾಗಿಲು ತೆಗೆದವಳೇ ಕೇಳಿದಳು: “ಅಮ್ಮಾ, ನೀನ್ಯಾಕೆ ಬೆಲ್ ಹೊಡೀತೀಯ? ಬೇರೆಯವರ ಥರ?” ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿಕೊಂಡೇ ಇದ್ದೆ. ನನಗೆ ಅಳು ಬಂದಿತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಮುಂದಿನ ವಿಚಾರಣೆಗೆ ನೀವೇ ಬನ್ನಿ. ಆ ಕುರ್ಚಿಯಲ್ಲಿ ಕೂತು ನಮಗೆ ಹೇಳಿದ್ದನ್ನು ನ್ಯಾಯಾಧೀಶರ ಮುಂದೆ ನಿಂತು ಹೇಳಿ. ಅದು ನಿಮ್ಮಿಂದಾಗದಿದ್ದರೆ, ಗೋಡೆಯ ಮೇಲಿನ ಫಲಕವನ್ನು ಇಳಿಸಿ ನಮ್ಮ ಅಂಗಡಿಗೆ ಕಳಿಸಿ, ಒಳಗಿನ ವಾಕ್ಯವನ್ನು ನಾನೇ ಬಿಚ್ಚಿ ತೆಗೆಯುತ್ತೇನೆ. ಆದರೆ ಬನ್ನಿ. ಮಗಳ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಅದು ನಿಮ್ಮ ಬಾಯಲ್ಲಿದೆ.

ಇಂತಿ,
ನಿಮ್ಮ ಮಾತು ಕೇಳಿ, ಸ್ವಂತ ಮನೆಯ ಬೆಲ್ ಒತ್ತಿ ಹೊರಗೆ ನಿಲ್ಲುವವಳು