ಹಾಲಮ್ಮನ ಸೀರೆಯ ಲಂಗೋಟಿ

೭-೩-೧೯೯೮, ಶನಿವಾರ. ಕಣಕಟ್ಟೆ.

ಅಳಿಯನಿಗೆ ಬುದ್ಧಿಯಿಲ್ಲ. ಅರಸೀಕೆರೆಯಿಂದ ಹೊಸ ಬಟ್ಟೆಯ ಲಂಗೋಟಿ ಹೊಲಿಸಿ ತಂದಿದ್ದಾನೆ. ಗಂಜಿ ಬಿಡದ ಬಟ್ಟೆಯನ್ನು ಹಸುಗೂಸಿಗೆ ಕಟ್ಟುತ್ತಾರೆಯೇ? ಮೊಮ್ಮಗಳ ತೊಡೆಸಂದೆಲ್ಲ ಕೆಂಪಾಗಿ, ಕೂಸು ಬೆಳಗಿನಿಂದ ಒಂದೇ ಸಮ ಅಳುತ್ತಿತ್ತು.

ಪೆಟ್ಟಿಗೆಯಿಂದ ಹಾಲಮ್ಮನ ನೂಲಿನ ಸೀರೆ ತೆಗೆದೆ. ಮಗಳು ಪುಷ್ಪ ಬಾಣಂತಿ ಮಂಚದಿಂದಲೇ ಕೂಗಿದಳು.

"ಅಪ್ಪಾಜಿ, ಅವ್ವಂದು ಅಂತ ಉಳಿದಿರೋದು ಅದೊಂದೇ. ಬ್ಯಾಡ!"

"ಸುಮ್ಕಿರೇ. ಪೆಟ್ಟಿಗೇಲಿದ್ರೆ ನುಸಿ ತಿಂತದೆ. ಅದಕ್ಕಿಂತ ಕೂಸು ಉಚ್ಚೆ ಹುಯ್ಯಲಿ."

ಬಾಯಿಗೆ ಬಂದಿದ್ದು ಅಂದುಬಿಟ್ಟೆ. ಹರಿಯಲು ಕೈ ಮಾತ್ರ ಏಳಲಿಲ್ಲ.

ಇದೇ ಪುಷ್ಪ ಹುಟ್ಟಿದಾಗ ಹಾಲಮ್ಮ ನನ್ನ ಒಳ್ಳೆಯ ಪಂಚೆಯನ್ನು ಕೇಳದೆ ಪರ್ರನೆ ಹರಿದಿದ್ದಳು. ಬೀದಿಗೆ ಕೇಳುವ ಹಾಗೆ ಕೂಗಾಡಿದ್ದೆ. ಅವಳು ತಲೆ ಎತ್ತದೆ, "ಉಟ್ಟು ಉಟ್ಟು ಹೂವಿನಂಗೆ ಆಗೈತೆ. ಇಂಥ ಬಟ್ಟೆ ಸಂತೇಲಿ ಸಿಕ್ತದಾ? ನೀವಂತೂ ಮೆತ್ತಗಾಗ್ಲಿಲ್ಲ, ನಿಮ್ಮ ಪಂಚೆಯಾದ್ರೂ ಆಯ್ತಲ್ಲ" ಅಂದಳು. ಬಾಣಂತನಕ್ಕೆ ಬಂದಿದ್ದ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು.

ಕೊನೆಗೆ ಹರಿದೆ. ಅದೇ ಸದ್ದು. ಕೂಗಾಡುವುದಕ್ಕೆ ಎದುರಿಗೆ ಅವಳಿರಲಿಲ್ಲ. ಪುಷ್ಪ ಗೋಡೆ ಕಡೆ ತಿರುಗಿಕೊಂಡಳು.

ಅಂಟುವಾಳದ ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಹಾಕಿ, ನಾನೇ ಕಟ್ಟಿದೆ. ಕೂಸು ಸಂಜೆಗೆ ನಿದ್ದೆ ಹೋಯಿತು. ಆಗಿನಿಂದ ಎಷ್ಟು ಸಲ ಒದ್ದೆ ಮಾಡಿದೆಯೋ. ಒಗೆದ ತುಂಡುಗಳು ಒಲೆಯ ಪಕ್ಕ ಒಣಗುತ್ತಿವೆ. ಕತ್ತಲಾದ ಮೇಲೆ ಕೂಸಿನ ಬಟ್ಟೆ ಹೊರಗೆ ಬಿಡಬಾರದು ಎಂಬುದು ಹಾಲಮ್ಮನ ಕಟ್ಟಪ್ಪಣೆ.

ಮತ್ತೆ ಅಳುತ್ತಿದೆ. ಸೆರಗಿನ ತುಂಡು ಒಣಗಿರಬಹುದು, ಹೋಗಿ ಅದನ್ನೇ ಕಟ್ಟಬೇಕು.