ಪದಕದ ಕೊಂಡಿ

ಭಾವನವರಿಗೆ ನಮಸ್ಕಾರ.

ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಮಗುವಿಗೆ ಹಾಲಿನ ಲೋಟ ಮಾಡಲೆಂದು ನಿಮಗೆ ಕೊಟ್ಟ ಹಳೆಯ ಬೆಳ್ಳಿಯಲ್ಲಿ ಅಪ್ಪನ ಪದಕವೂ ಸೇರಿಹೋಗಿದೆ. ಕೈಮುಗಿಯುತ್ತೇನೆ, ಅದನ್ನು ಕರಗಿಸಬೇಡಿ.

ಅಪ್ಪ ಯುದ್ಧಕ್ಕೆ ಹೋಗಿದ್ದ ದೇಶದವರು, ತಮ್ಮ ನೆಲದಲ್ಲಿ ಸತ್ತ ನಮ್ಮ ಸೈನ್ಯದ ನಲವತ್ತು ಜನರ ನೆನಪಿಗೆ ಮಾಡಿಸಿದ ಪದಕ ಅದು. ಇರುವುದೇ ನಲವತ್ತು. ನಿನ್ನೆ ಅವರ ಪತ್ರ ಬಂತು. ಹೆಸರುಗಳಿದ್ದ ದಾಖಲೆ ಸುಟ್ಟುಹೋಗಿದೆಯಂತೆ. ಸಮಾಧಿಗಳ ಮೇಲೆ ಬರೀ ಸಂಖ್ಯೆ ಉಳಿದಿದೆ. ಅದೇ ಸಂಖ್ಯೆಯನ್ನು ಪದಕದ ಕೊಂಡಿಯ ಒಳಬದಿಯಲ್ಲಿ ಕೊರೆದಿದ್ದಾರಂತೆ. ಈಗ ಆ ಸ್ಮಶಾನವನ್ನು ತೆರವು ಮಾಡುತ್ತಿದ್ದಾರೆ. ತಿಂಗಳೊಳಗೆ ಸಂಖ್ಯೆ ತಿಳಿಸಿದರೆ ಅಪ್ಪನ ಮೂಳೆಗಳನ್ನು ಮನೆಗೆ ಕಳಿಸುತ್ತಾರೆ. ಇಲ್ಲದಿದ್ದರೆ ಗುರುತು ಸಿಗದವರನ್ನೆಲ್ಲ ಒಂದೇ ಗುಂಡಿಯಲ್ಲಿ ಮತ್ತೆ ಹೂಳುತ್ತಾರೆ.

ಅಮ್ಮ ವಾರವಾರ ಬೂದಿ ಹಾಕಿ ಉಜ್ಜಿ ಪದಕದ ಎರಡೂ ಮುಖ ಸವೆಸಿದ್ದಳು. ಹಳೆಯ ಬೆಳ್ಳಿಯನ್ನು ಗಂಟು ಕಟ್ಟುವಾಗ ನನಗೆ ಅದು ಬರೀ ಬಿಲ್ಲೆಯಂತೆ ಕಂಡಿತು.

ಆಗಲೇ ಕರಗಿಸಿದ್ದರೂ ಕೊಂಡಿ ಉಳಿದಿರಬಹುದು. ಬೆಸುಗೆ ಬೆರೆತರೆ ಬೆಳ್ಳಿ ಕೆಡುತ್ತದೆಂದು ನೀವು ಕೊಂಡಿಗಳನ್ನು ಮೊದಲೇ ಕತ್ತರಿಸಿ ಡಬ್ಬಿಗೆ ಹಾಕುವುದನ್ನು ನೋಡಿದ್ದೇನೆ. ಆ ಡಬ್ಬಿಯನ್ನು ಬೋರಲು ಹಾಕಿ ಹುಡುಕಿ.

ಪದಕವನ್ನು ನೀವು ತೊಳೆಯಲು ಒಯ್ದಿದ್ದೀರೆಂದು ಅಮ್ಮನಿಗೆ ಸುಳ್ಳು ಹೇಳಿದ್ದೇನೆ. "ನಿನ್ನ ಭಾವಂಗೆ ಬೇರೆ ಕೆಲಸ ಇಲ್ವಾ? ನನ್ನ ಹಾಗೆ ಉಜ್ಜೋಕೆ ಅವರಿಗೆ ಬರುತ್ತಾ?" ಎಂದು ನಕ್ಕಳು. ಪತ್ರದ ವಿಷಯ ಅವಳಿಗಿನ್ನೂ ಗೊತ್ತಿಲ್ಲ.

ಲೋಟಕ್ಕೆ ಅವಸರವಿಲ್ಲ. ಕೊಂಡಿ ಸಿಕ್ಕರೆ ಸಂಖ್ಯೆ ಬರೆದು ಇದೇ ಕಂಡಕ್ಟರ್ ಕೈಗೆ ಕೊಡಿ. ಸಿಗದಿದ್ದರೆ ಏನೂ ಬರೆಯಬೇಡಿ. ಅಕ್ಕನನ್ನು ಕರೆದುಕೊಂಡು ಬನ್ನಿ. ಅಮ್ಮನಿಗೆ ನಾನೊಬ್ಬಳೇ ಹೇಳಲಾರೆ.

ಸಂಜೆಯ ಬಸ್ಸಿಗೆ ಕಾಯುತ್ತಿರುವ,
ನಿಮ್ಮ ನಾದಿನಿ