ಎಲೆತೋಟದ ಬಾವಿ

ಸವಣೂರು, ಯಲವಿಗಿ ರಸ್ತೆಯ ಪ್ಲಾಟು
ಸೋಮವಾರ, ೧೨ ಆಗಸ್ಟ್ ೨೦೨೪

ಚಿ. ಸೌ. ಭಾಗ್ಯಶ್ರೀಗೆ ನಿನ್ನ ಅವ್ವ ಅನ್ನವ್ವನ ಆಶೀರ್ವಾದ.

ಪಂಚಮಿ ಉಂಡಿ ಕಳಿಸಲು ತಡವಾಯಿತು, ಸಿಟ್ಟಾಗಬೇಡ. ಉಂಡಿ ಡಬ್ಬಿಯ ತಳದಲ್ಲಿ ಈ ಕಾಗದ ಇಟ್ಟಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಅತ್ತೆಗೆ ಕಿವಿ ಮಂದವೆಂದು ನೀನು ಸ್ಪೀಕರ್ ಹಾಕುತ್ತೀ, ಇಲ್ಲಿ ನಿನ್ನ ಅಪ್ಪನ ಕಿವಿ ಬಹಳ ಚುರುಕು. ಕಾಲು ಬಾವು ಇಳಿಯಿತೇ? ಬರೀ ಚಹಾ ಕುಡಿದು ಕೂಡಬೇಡ.

ಇಲ್ಲೊಂದು ಸುದ್ದಿ ಎದ್ದಿದೆ. ಅದನ್ನು ಮೊದಲು ಹೇಳಿದವನು ಕುಬೇರಪ್ಪಜ್ಜ, ಮೊನ್ನೆ ಶುಕ್ರವಾರ, ಪಂಚಮಿಯ ಸಂಜೆ, ಪಕ್ಕದ ಮನೆ ಕುಲಸುಮಬಿಯ ಕಟ್ಟೆಯ ಮೇಲೆ. ಅಜ್ಜನನ್ನು ನೀನು ನೋಡಿದ್ದೀ. ನಮ್ಮ ಪ್ಲಾಟುಗಳೆಲ್ಲ ಒಂದು ಕಾಲಕ್ಕೆ ಅವನ ವೀಳ್ಯದ ಎಲೆಬಳ್ಳಿಯ ತೋಟ. ಮಾರಿ ಎಷ್ಟೋ ವರ್ಷವಾದರೂ, ಸಂಜೆಯಾದರೆ “ತ್ವಾಟಕ್ಕ ಹೋಗಿ ಬರ್ತೇನಿ” ಅಂತ ಮನೆಯಲ್ಲಿ ಹೇಳಿ ಇಲ್ಲಿಗೆ ಬಂದು ಕೂಡುತ್ತಾನೆ. ಮಳೆಗೆ ಕುಲಸುಮಬಿಯ ಕಾಂಪೌಂಡು ಒಂದು ಕಡೆ ವಾಲಿದೆ. ನಾನು ಉಂಡಿ ತಂದು ಹಂಚುತ್ತಿದ್ದೆ, ಅವಳು ಅಜ್ಜನನ್ನು ಕೆಣಕಿದಳು.

“ಏ ಅಜ್ಜಾ, ನಿನ್ನ ತ್ವಾಟ ನನ್ನ ಗ್ವಾಡಿ ನುಂಗಾಕತ್ತೈತಿ ನೋಡು!”

“ತ್ವಾಟ ಯಾಕ ನುಂಗತೈತಿ ತಂಗಿ? ನುಂಗಿದ್ರ ಬಾವಿ ನುಂಗಬೇಕು.”

“ಯಾವ ಬಾವಿ?”

“ಎಲಿಬಳ್ಳಿಗೆ ನಾ ಏನು ಕಣ್ಣೀರು ಹಾಕಿದ್ನೇನ? ದೊಡ್ಡ ಬಾವಿ ಇತ್ತು. ಪ್ಲಾಟ್ ಮಾಡಿದವರು ಬಳ್ಳಿ, ಕಟಗಿ, ಕಸ, ಎಲ್ಲಾ ಅದಕ್ಕ ತುಂಬಿ ಮ್ಯಾಲ ರೋಲರ್ ಹೊಡದ್ರು. ಈಗ ಒಳಗ ಕೊಳತು ಟೊಳ್ಳಾಗಿರತೈತಿ.”

ಅಲ್ಲೇ ಕೂತಿದ್ದ ನಿನ್ನ ಅಪ್ಪ ಚಹಾದ ಕಪ್ಪು ಕೆಳಗಿಟ್ಟರು. “ಎಲ್ಲಿತ್ರಿ ಅಜ್ಜಾರ?”

ಅಜ್ಜ ಒಂದು ಕಡೆ ಕೈ ಮಾಡಿದ. ಆಮೇಲೆ ಇನ್ನೊಂದು ಕಡೆ. ಎದ್ದು ನಿಂತು ಸುತ್ತ ನೋಡಿದ. “ನುಗ್ಗಿ ಗಿಡದ ಬಾಜೂಕ. ಹೊತ್ತು ಇಳಿಯೂ ಮುಂದ ಗಿಡದ ನೆಳ್ಳು ನೀರಿನ ಮ್ಯಾಲ ಬೀಳ್ತಿತ್ತು...” ಹೊತ್ತು ಇಳಿಯುವುದು ಈಗ ಎಲ್ಲಿ ಕಾಣಬೇಕು? ಎಲ್ಲ ಕಡೆ ಮನೆ, ಮನೆಯ ಮೇಲೆ ಸಿಂಟೆಕ್ಸ್. ಅಜ್ಜ ಕುಸಿದು ಕುಂತ. “ನನ್ನ ಬಾವಿ ನನಗ ಸಿಗವಲ್ದಲ್ಲೋ” ಅಂದ.

ನೆಲ ಬಡಿದು ನೋಡೋಣ ಅಂತ ನಿನ್ನ ಅಪ್ಪ ಹಾರೆಗೆ ಎದ್ದರು. ಕುಲಸುಮಬಿಯೇ ತಡೆದಳು.

“ಅಣ್ಣಾರ, ಇವತ್ತ ನಿಮ್ಮ ಪಂಚಮಿ. ಭೂಮಿಗೆ ಪೆಟ್ಟು ಹಾಕಬಾರ್ದು ಅಂತ ಅನ್ನವ್ವಕ್ಕ ವರ್ಷಾ ವರ್ಷಾ ಹೇಳ್ತಾಳ. ಮುಂಜಾನಿ ನೋಡ್ರಿ. ನನ್ನ ನೆಲಾನೂ ನಾ ಇವತ್ತ ಮುಟ್ಟೂದಿಲ್ಲ.”

ಆ ಮಾತಿಗೆ ಎಲ್ಲರೂ ಮನೆಗೆ ಹೋದೆವು, ಭಾಗ್ಯಾ. ಹಬ್ಬದ ದಿನ ಮಕ್ಕಳಿಗೆ ಜಿಗಿಯಬೇಡಿ ಅಂತ ಬೈದದ್ದು ಅದೇ ಮೊದಲು. ಜೋಕಾಲಿ ಬಿಚ್ಚಿದರು. ಕುಲಸುಮಬಿ ತನ್ನ ಆಡನ್ನೂ ಒಳಗೆ ಬಿಡಲಿಲ್ಲವಂತೆ. ರಾತ್ರಿ ನಾನು ಹಾಸಿಗೆಯಲ್ಲಿ ಹೊರಳಿದರೆ ನಿನ್ನ ಅಪ್ಪ “ಸಾವಕಾಶ” ಅನ್ನುವರು, ಅವರು ಕೆಮ್ಮಿದರೆ ನಾನು ಅನ್ನುವೆ.

ಬೆಳಕು ಹರಿದದ್ದೇ ತಡ, ಪ್ಲಾಟಿನ ತುಂಬ ಒನಕೆ, ಹಾರೆ, ರುಬ್ಬುಗುಂಡಿನ ಸದ್ದು. ಒಬ್ಬೊಬ್ಬರೇ ಬಾಗಿಲಿಗೆ ಬಂದು “ನಮ್ದು ಗಟ್ಟಿ!” ಅಂತ ಕೂಗುವರು. ಕುಲಸುಮಬಿ ನಾಲ್ಕು ಮೂಲೆ ಬಡಿದು ಬಂದು “ನನ್ನ ನೆಲ ನನಗಿಂತ ಗಟ್ಟಿ ಐತಿ” ಅಂದಳು. ನಮ್ಮ ಪಡಸಾಲೆ, ಅಡಿಗೆಮನೆ ಎರಡನ್ನೂ ನಿನ್ನ ಅಪ್ಪ ಬಡಿದು ಬಾಗಿಲಿಗೆ ಹೋಗಿ “ಗಟ್ಟಿ ಐತಿ” ಅಂತ ಕೂಗಿ ಹೇಳಿದರು. ಹಾಗಾದರೆ ಬಾವಿ ರಸ್ತೆಯ ಕೆಳಗೇ ಇರಬೇಕು ಅಂತ ಎಲ್ಲರೂ ನಿಶ್ಚಯ ಮಾಡಿಕೊಂಡರು.

ಹುಷಾರಾಗಿರು. ಎಡ ಮಗ್ಗುಲಿಗೆ ಮಲಗು. ದೇವರು ನಿನ್ನನ್ನೂ ಕೂಸನ್ನೂ ಚೆನ್ನಾಗಿಟ್ಟಿರಲಿ. ನಿಮ್ಮ ಅತ್ತೆ ಮಾವನವರಿಗೆ ನಮಸ್ಕಾರ ಹೇಳು, ಉಂಡಿ ಮೊದಲು ಅವರಿಗೆ ಕೊಡು.

ನಿನ್ನ ಅವ್ವ
ಅನ್ನವ್ವ

ತಾ.ಕ.: ಭಾಗ್ಯಾ, ನಿನ್ನ ಬಾಣಂತನಕ್ಕೆಂದು ಅಪ್ಪ ಮನೆಯ ಹಿಂದೆ ಹೊಸದಾಗಿ ಕಟ್ಟಿಸಿದ ಕೋಣೆಯನ್ನು ಬಡಿದವಳು ನಾನು. ಅವರು ಆಗ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ನಿನ್ನ ಮಂಚದ ಬುಡಕ್ಕೆ ಒನಕೆಯಿಂದ ಬಡಿದರೆ ಖಾಲಿ ಕೊಡ ಬಡಿದ ಹಾಗೆ ಸದ್ದು ಬಂತು. ಮತ್ತೊಮ್ಮೆ ಮೆಲ್ಲಗೆ ಬಡಿದೆ. ಅದೇ ಸದ್ದು. “ಅಲ್ಲಿ ಹೆಂಗೈತಿ?” ಅಂತ ಕೇಳಿದರು. “ಗಟ್ಟಿ ಐತ್ರಿ” ಅಂದೆ. ಆ ಕೋಣೆಯ ಹಸಿ ಗೋಡೆಗೆ ದಿನಾ ತಾವೇ ನಿಂತು ನೀರು ಉಣಿಸಿದವರು ಅವರು. ನಾನು ಹೇಗೆ ಹೇಳಲಿ?

ಮುಂದಿನ ವಾರ ನಿನಗೆ ಕುಬಸದ ಉಡಿ ತುಂಬಿ ಕರೆತರಲು ಅಪ್ಪ ಗಾಡಿ ಹೇಳಿದ್ದಾರೆ. ಅತ್ತೆ ಹತ್ತಿರ ಇಲ್ಲದಾಗ ನೀನೇ ಫೋನ್ ಮಾಡಿ, ಅತ್ತೆ ಕಳಿಸುವುದಿಲ್ಲ ಅಂತಾರೆ, ಹೆರಿಗೆ ಇಲ್ಲೇ ಆಗಲಿ ಅಂತಾರೆ ಅಂದುಬಿಡು. ನಿನ್ನ ಅಪ್ಪ ನಿಮ್ಮ ಅತ್ತೆಯನ್ನು ಬೈದುಕೊಳ್ಳಲಿ. ಬೈದು ಹಗುರಾಗಲಿ. ಮೊದಲ ಹೆರಿಗೆಗೆ ಮಗಳನ್ನು ಬರಬೇಡ ಅನ್ನುವ ಬಾಯಿ ನನ್ನದು, ತಪ್ಪು ತಿಳಿಯಬೇಡ.

ಇನ್ನೊಂದು ಮಾತು. ಆ ದಿನವೇ ಮುಂಜಾನೆ, ಬಡಿಯುವುದೆಲ್ಲ ಮುಗಿದ ಮೇಲೆ, ನಾನು ಹಾಲು ತರಲು ಹೋಗಿ ಬರುವಷ್ಟರಲ್ಲಿ, ಅಪ್ಪ ಒಬ್ಬರೇ ಆ ಮಂಚವನ್ನು ಎಳೆದು ತಂದು ಪಡಸಾಲೆಯಲ್ಲಿ ಕಿಟಕಿಯಿಲ್ಲದ ಗೋಡೆಗೆ ಹಾಕಿದ್ದರು. ಕೋಣೆಗೆ ಹೊರಗಿನಿಂದ ಚಿಲಕ. ನನ್ನ ಮುಖ ನೋಡದೆ ಬೆವರು ಒರೆಸಿಕೊಂಡರು.

“ಇಲ್ಲಿ ಗಾಳಿ ಚಲೋ ಬರ್ತೈತಿ” ಅಂದರು.

“ಹೌದ್ರಿ, ಚಲೋ ಬರ್ತೈತಿ” ಅಂದೆ.